ಗುಡ್ಡದ ಹಿಂದಿನ ಊರಿಗೆ ಒಂದು ಟವರ್

ಆ ಎರಡು ವರ್ಷ ನಾನು ಸಿಂಧನೂರಿನಲ್ಲಿ, ಗೊಬ್ಬರದಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದೆ. ಮೊಬೈಲ್ ಟವರ್ ಎಲ್ಲಿ ನಿಲ್ಲಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ಸಿಗ್ನಲ್ ಮುಟ್ಟುತ್ತದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಜಾಗದ ಕರಾರು ಮಾಡಿಸುವವರು ಬೇರೆ, ಕಬ್ಬಿಣ ನಿಲ್ಲಿಸುವವರು ಬೇರೆ. ಅವರೆಲ್ಲ ಬರುವ ಹೊತ್ತಿಗೆ ನಾನು ಬಂದು ಹೋಗಿರುತ್ತೇನೆ. ಹಾಗಾಗಿ ಓಡಾಡಿದ ಊರುಗಳಲ್ಲಿ ನನ್ನ ಗುರುತು ಯಾರಿಗೂ ಉಳಿಯುವುದಿಲ್ಲ.

ಮೊದಲ ತಿಂಗಳು ಮನೆ ಮಾಲೀಕರ ಹೆಂಡತಿ, ನಿಮ್ಮ ಯಜಮಾನರು ಯಾವಾಗ ಬರುತ್ತಾರೆ ಎಂದು ಕೇಳಿದರು. ಮದುವೆಯಾಗಿಲ್ಲ ಎಂದೆ. ನನಗಾಗ ಮೂವತ್ತೈದು. ಎರಡನೆಯ ತಿಂಗಳು, ತಂದೆ ತಾಯಿ ಎಲ್ಲಿರುತ್ತಾರೆ ಎಂದು ಕೇಳಿದರು. ಇಬ್ಬರೂ ಇಲ್ಲ ಎಂದೆ. ಮೂರನೆಯ ತಿಂಗಳು ಅವರು ಏನೂ ಕೇಳಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರ ನಾನು ಕಂಡರೆ ನಕ್ಕು ಒಳಗೆ ಹೋಗಿಬಿಡುತ್ತಿದ್ದರು.

ಬೆಳಿಗ್ಗೆ ಏಳಕ್ಕೆ ಕಾರು ಬರುತ್ತಿತ್ತು. ಡ್ರೈವರ್ ಗೊರೇಬಾಳದವರು, ಐವತ್ತು ದಾಟಿದವರು, ಕಾಲುವೆ ನೀರಿನ ಗದ್ದೆ ಇತ್ತು ಅವರಿಗೆ. ನೀರು ಬಿಟ್ಟ ದಿನ ಮನಸ್ಸೆಲ್ಲ ಗದ್ದೆಯಲ್ಲೇ. ಉಳಿದ ದಿನವೂ ಮಾತು ಕಡಿಮೆ. ಹಿಂದಿನ ಸೀಟಿನಲ್ಲಿ ಒಂದು ಹಲಗೆಗೆ ನಾಲ್ಕು ಫೋನು ಕಟ್ಟಿ, ಲ್ಯಾಪ್‌ಟಾಪಿಗೆ ವೈರು ಕೊಟ್ಟು, ಪಕ್ಕದಲ್ಲಿ ನಾನು ಕೂರುತ್ತಿದ್ದೆ. ಕಾರು ನಿಧಾನಕ್ಕೆ ಹೋಗಬೇಕು. ಫೋನುಗಳು ತಾವಾಗಿಯೇ ಒಂದು ನಂಬರಿಗೆ ಕರೆ ಮಾಡುತ್ತವೆ. ಆ ಕಡೆ ಮನುಷ್ಯರಿಲ್ಲ, ಯಂತ್ರವೊಂದು ಎತ್ತಿಕೊಳ್ಳುತ್ತದೆ. ಎರಡು ನಿಮಿಷ ಮಾತಿಲ್ಲದೆ ಕರೆ ನಡೆದು ಕಡಿಯುತ್ತದೆ, ಮತ್ತೆ ಹೋಗುತ್ತದೆ. ಎಲ್ಲಿ ಸಿಗ್ನಲ್ ಇಳಿಯಿತು, ಎಲ್ಲಿ ಕರೆ ಸತ್ತಿತು ಎಂಬುದು ತಾನಾಗಿ ದಾಖಲಾಗುತ್ತದೆ. ದಿನವಿಡೀ ನೂರಾರು ಕರೆ ಮಾಡಿದ ಸಂಜೆಯೂ, ಮೆಣಸಿನಕಾಯಿ ಬಜ್ಜಿ ಕೊಳ್ಳಲು ನಿಂತು ಬಾಯಿ ತೆರೆದರೆ ನನ್ನ ದನಿ ಕಟ್ಟಿರುತ್ತಿತ್ತು. ಬೆಳಗಿನಿಂದ ಮಾತಾಡದ ಗಂಟಲು.

ಎರಡನೆಯ ವರ್ಷ ಮಸ್ಕಿಯಿಂದ ಸಂತೆಕಲ್ಲೂರಿನ ಕಡೆಗಿನ ಒಣಬೇಸಾಯದ ಭಾಗ ನನ್ನ ಪಾಲಿಗೆ ಬಂತು. ಅಲ್ಲಿ ಆ ವರ್ಷ ಒಂದೇ ಒಂದು ಟವರಿಗೆ ಹಣ ಮಂಜೂರಾಗಿತ್ತು. ಹುಬ್ಬಳ್ಳಿಯ ಆಫೀಸಿನಲ್ಲಿ ಜಾಗವನ್ನೂ ಹೆಚ್ಚುಕಡಿಮೆ ಗೊತ್ತುಮಾಡಿದ್ದರು. ಡಾಂಬರು ರಸ್ತೆಗೆ ಹತ್ತಿದ ಒಂದು ಊರು, ಬಸ್ ನಿಲ್ಲುತ್ತದೆ, ಅಂಗಡಿಗಳಿವೆ, ಫೋನು ಬಳಸುವವರು ಹೆಚ್ಚು. ನಾನು ಹೋಗಿ ಅಳೆದು, ಹೌದು ಎಂದು ಬರೆದುಕೊಟ್ಟರೆ ಮುಗಿಯಿತು.

ಅಳೆಯುತ್ತ ಹೋದಾಗ ಡ್ರೈವರ್ ಒಂದು ಮಣ್ಣಿನ ದಾರಿಗೆ ಕಾರು ತಿರುಗಿಸಿದರು. ಎರಡೂ ಕಡೆ ಜೋಳ, ತೊಗರಿ. ಬಂಡೆಗಲ್ಲು ಒಟ್ಟಿದಂಥ ಒಂದು ಗುಡ್ಡವನ್ನು ಸುತ್ತಿದ್ದೇ ತಡ, ನಾಲ್ಕೂ ಫೋನು ಒಮ್ಮೆಲೇ ಸತ್ತವು. ಕಂಪ್ಯೂಟರಿನ ನಕ್ಷೆಯಲ್ಲಿ ಆ ಜಾಗಕ್ಕೆಲ್ಲ ಹಸಿರು ಬಣ್ಣವಿತ್ತು. ಹಸಿರೆಂದರೆ ಸಿಗ್ನಲ್ ಇದೆ ಎಂದರ್ಥ. ಯಂತ್ರ ಕೆಟ್ಟಿತೇನೋ ಎಂದು ನಾನು ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ.

"ಇಲ್ಲಿ ಸಿಗ್ನಲ್ ಎಂದೂ ಬಂದಿಲ್ರಿ ಮೇಡಂ," ಎಂದರು ಡ್ರೈವರ್. "ಗುಡ್ಡ ಅಡ್ಡ ಐತಲ್ಲ."

ಗುಡ್ಡದ ಹಿಂದೆ ನೂರರ ಆಸುಪಾಸಿನ ಮನೆಗಳ ಒಂದು ಊರು. ನಮ್ಮ ನಕ್ಷೆ ಆ ಗುಡ್ಡವನ್ನು ಸಣ್ಣ ದಿಬ್ಬವೆಂದು ತಿಳಿದಿತ್ತು. ಮಸ್ಕಿಯ ಟವರಿನ ಸಿಗ್ನಲ್ ಅದನ್ನು ಹಾದು ಬರುತ್ತದೆ ಎಂದು ಲೆಕ್ಕ ಹಾಕಿತ್ತು. ಹಾಗಾಗಿ ಆ ಊರಿಗೆ ಹೊಸ ಟವರು ಬೇಕೇ ಎಂಬ ಪ್ರಶ್ನೆಯೇ ಯಾರ ಮುಂದೂ ಬಂದಿರಲಿಲ್ಲ.

ಸಂಜೆ ಐದೂವರೆಗೆ ಜನ ಗುಡ್ಡದ ಕಡೆ ನಡೆಯತೊಡಗಿದರು. ನಾನೂ ಹಿಂದೆ ಹೋದೆ. ಅರ್ಧ ಗುಡ್ಡ ಹತ್ತಿದರೆ ಒಂದು ಚಪ್ಪಟೆ ಬಂಡೆ. ಅಲ್ಲಿ ನಿಂತರೆ ಮಸ್ಕಿ ಕಾಣುತ್ತದೆ, ಫೋನು ಹತ್ತುತ್ತದೆ. ಹತ್ತು ಹನ್ನೆರಡು ಜನ ಒಬ್ಬರ ಪಕ್ಕ ಒಬ್ಬರು ನಿಂತು ಮಾತಾಡುತ್ತಿದ್ದರು. ಗಾಳಿಯ ಸದ್ದಿಗೆ ಎಲ್ಲರೂ ದೊಡ್ಡ ದನಿಯವರೇ. ಹತ್ತಿಯ ರೇಟು ಕೇಳುವವರು, ದುಡಿಯಲು ದೂರ ಹೋದ ಗಂಡನಿಗೆ ಊಟವಾಯಿತೇ ಎಂದು ಕೇಳುವವರು, ಬೀಗರ ಜೊತೆ ಜಗಳವಾಡುವವರು. ಒಬ್ಬರ ಮಾತು ಎಲ್ಲರಿಗೂ ಕೇಳುತ್ತಿತ್ತು. ಯಾರೂ ಯಾರ ಕಡೆಯೂ ನೋಡುತ್ತಿರಲಿಲ್ಲ.

ಅವರಲ್ಲಿ ಊರಿನ ಆರೋಗ್ಯ ಉಪಕೇಂದ್ರದ ನರ್ಸಮ್ಮ ಇದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ದಿನಾ ಸಂಜೆ ಆರಕ್ಕೆ ಹಾಸ್ಟೆಲಿನಲ್ಲಿ ಫೋನು ಕೈಗೆ ಕೊಡುತ್ತಾರೆ, ಆರಕ್ಕೆ ನರ್ಸಮ್ಮ ಬಂಡೆಯ ಮೇಲಿರಬೇಕು. ಮೊದಲು ಆ ದಿನದ ಲಸಿಕೆಯ, ಬಸುರಿಯರ ವಿವರವನ್ನು ಆರೋಗ್ಯ ಇಲಾಖೆಗೆ ಕಳಿಸಿ, ಆಮೇಲೆ ಮಗಳಿಗೆ ಕರೆ ಮಾಡುತ್ತಿದ್ದರು. ಆ ಸಂಜೆ ಮಗಳ ಜೊತೆ ಮಾತು ಮುಗಿಸಿ ನನ್ನ ಕಡೆ ತಿರುಗಿದರು.

"ನೀವು ಯಾರಿಗೂ ಮಾಡಲಿಲ್ಲಲ್ರೀ?"

ನನ್ನ ಕೈಯಲ್ಲಿದ್ದ ಫೋನು ತಾನಾಗಿ ಕರೆ ಮಾಡುತ್ತಿದೆ, ನಾನು ಮಾತಾಡಬೇಕಾಗಿಲ್ಲ ಎಂದು ವಿವರಿಸಿದೆ. ಅವರು ಅದನ್ನು ಕೇಳಿಸಿಕೊಂಡರು. ಇಳಿಯುವಾಗ ಕೈ ಹಿಡಿದು ಇಳಿಸಿ, ಮನೆಗೆ ಕರೆದೊಯ್ದು ಚಹಾ ಕೊಟ್ಟರು.

ಆಮೇಲೆ ನಾನು ಆ ಊರಿಗೆ ಬೇಕಾದ್ದಕ್ಕಿಂತ ಹೆಚ್ಚು ಸಲ ಹೋದೆ. ಅಳತೆಯ ನೆಪ ಇದ್ದೇ ಇತ್ತು. ಸಂಜೆ ಬಂಡೆಯ ಮೇಲೆ ನರ್ಸಮ್ಮನ ಪಕ್ಕ ಕೂರುತ್ತಿದ್ದೆ. ಅವರ ಮಗಳ ಪರೀಕ್ಷೆ, ಹಾಸ್ಟೆಲಿನ ಸಾರು, ಗೆಳತಿಯ ಜೊತೆ ಮುನಿಸು ಎಲ್ಲ ನನಗೂ ಗೊತ್ತಾಗತೊಡಗಿತು. ಒಮ್ಮೊಮ್ಮೆ ಫೋನು ನನ್ನ ಕೈಗೇ ಕೊಡುತ್ತಿದ್ದರು. ಹುಡುಗಿ ನನ್ನನ್ನು ಕಾಣದೆಯೇ ಆಂಟಿ ಎಂದು ಕರೆಯುತ್ತಿದ್ದಳು, ಲೆಕ್ಕದ ಒಂದೆರಡು ಸಂಶಯ ಕೇಳುತ್ತಿದ್ದಳು. ಸಿಂಧನೂರಿಗೆ ತಿರುಗಿ ಬರುವ ದಾರಿಯಲ್ಲಿ ನಾನು ಆ ಉತ್ತರ ಸರಿಯಾಗಿ ಹೇಳಿದೆನೇ ಎಂದು ಮತ್ತೆ ಮತ್ತೆ ಯೋಚಿಸುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಉಪಕೇಂದ್ರದ ಮುಂದೆ ಅಳತೆ ತೆಗೆಯುತ್ತಿದ್ದಾಗ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳನ್ನು ಕರೆತಂದರು. ದಿನ ತುಂಬಿರಲಿಲ್ಲ. ನರ್ಸಮ್ಮ ಅವಳನ್ನು ಬಿಟ್ಟು ಕದಲುವಂತಿರಲಿಲ್ಲ. ಬಾಗಿಲಿಗೆ ಬಂದು ನನಗೆ, "ಬಂಡೆ ಮ್ಯಾಲ ಹೋಗಿ ಆಂಬುಲೆನ್ಸಿಗೆ ಹೇಳ್ರಿ. ಎಂಟು ತಿಂಗಳು, ರಕ್ತ ಹೋಗಾಕತ್ತೈತಿ ಅನ್ರಿ," ಎಂದರು.

ನಾನು ಆ ಗುಡ್ಡವನ್ನು ಓಡುತ್ತ ಹತ್ತಿದೆ. ಏದುಸಿರು ನಿಲ್ಲುತ್ತಿಲ್ಲ, ಆ ಕಡೆಯವರು ಊರಿನ ಹೆಸರು ಮತ್ತೆ ಮತ್ತೆ ಕೇಳುತ್ತಿದ್ದಾರೆ, ಗಾಳಿಯ ಸದ್ದಿಗೆ ಏನೂ ಕೇಳದೆ ಕರೆ ಕಡಿಯಿತೋ ಎಂದು ನಾನು ಬಂಡೆಯ ತುದಿಗೆ ಸರಿಯುತ್ತಿದ್ದೇನೆ. ನನ್ನ ಕೆಲಸದಲ್ಲಿ ಕಡಿದ ಕರೆ ಎಂದರೆ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ. ಅಂಥ ಸಾವಿರಾರು ಚುಕ್ಕೆ ಇಟ್ಟಿದ್ದೆ. ಅವತ್ತು ಕರೆ ಕಡಿಯುವ ಮೊದಲೇ ಮುಟ್ಟಲೆಂದು ಊರಿನ ಹೆಸರನ್ನು ಮೂರು ಸಲ ಕೂಗಿ ಹೇಳಿದೆ. ಆಂಬುಲೆನ್ಸ್ ಬಂತು. ಮಸ್ಕಿ ಮುಟ್ಟುವ ಮೊದಲೇ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಉಳಿದರು. ಸಂಜೆ ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಮಧ್ಯಾಹ್ನ ಊರಿನಲ್ಲಿ ಓಡುವವರೇ ಸಿಗುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ ಎಂದಷ್ಟೇ ಹೇಳಿದರು.

ಮರುದಿನ ಆಫೀಸಿಗೆ ಫೋನು ಮಾಡಿದೆ. ನನ್ನ ಮೇಲಧಿಕಾರಿ ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿಸಿಕೊಂಡರು. ಎರಡು ಟವರಿಗೆ ಹಣವಿಲ್ಲ, ನೂರು ಮನೆಗಾಗಿ ರಸ್ತೆ ಬದಿಯ ಊರನ್ನು ಬಿಡಲೂ ಆಗುವುದಿಲ್ಲ ಎಂದರು. ಕೊನೆಗೆ, "ಒಂದರಲ್ಲೇ ಎರಡೂ ಊರಿಗೆ ಮುಟ್ಟೋ ಜಾಗ ಇದ್ರೆ ತೋರಿಸು. ಖರ್ಚು ಮಾತ್ರ ಇದಕ್ಕಿಂತ ಒಂದು ರೂಪಾಯಿ ಹೆಚ್ಚಾಗಬಾರದು," ಎಂದರು.

ಸುಮಾರು ಒಂದು ತಿಂಗಳು ನಾನು ಆ ಜಾಗ ಹುಡುಕಿದೆ. ಕಾರು ಹೋಗದ ಕಡೆ ನಡೆದೆ. ಗುಡ್ಡದ ತುದಿಯಿಂದ ಎರಡೂ ಊರು ಚೆನ್ನಾಗಿ ಕಾಣುತ್ತಿದ್ದವು, ಆದರೆ ಅಲ್ಲಿಗೆ ಕಬ್ಬಿಣ ಸಾಗಿಸಲು ದಾರಿಯಿಲ್ಲ, ಕರೆಂಟಿಲ್ಲ. ಕೆಳಗಿನ ಎರೆಹೊಲಗಳಲ್ಲಿ ದಾರಿಯಿತ್ತು, ಊರು ಕಾಣುತ್ತಿರಲಿಲ್ಲ. ತೊಗರಿ ಹೊಲಗಳ ಬದುವಿನ ಮೇಲೆ ಕೂತು ಒಬ್ಬಳೇ ಬುತ್ತಿ ಉಣ್ಣುವಾಗ, ಇದು ನನಗೆ ಯಾಕೆ ಬೇಕು ಎಂದು ಅನಿಸುತ್ತಿತ್ತು. ರಸ್ತೆ ಬದಿಯ ಜಾಗಕ್ಕೆ ಹೌದು ಎಂದು ಬರೆದಿದ್ದರೆ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ.

ಆ ತಿಂಗಳಲ್ಲೇ ಲಿಂಗಸುಗೂರಿನ ಅಳತೆಯೂ ಬಂತು. ಅದು ನನ್ನ ಹುಟ್ಟೂರು. ಅಲ್ಲಿ ನನ್ನ ಅಣ್ಣ ಇದ್ದಾನೆ. ಅಪ್ಪ ಹೋದ ಮೇಲೆ ಅವನು ಗೊತ್ತುಮಾಡಿದ್ದ ಸಂಬಂಧವನ್ನು ನಾನು ಎಲೆಅಡಿಕೆ ಬದಲಾಯಿಸಿ ನಿಶ್ಚಯವಾದ ಮೇಲೆ ಬೇಡವೆಂದೆ. ನಾಲ್ಕು ಜನರ ಮುಂದೆ ಅವನ ತಲೆ ಬಾಗಿತು. ಆರು ವರ್ಷ ನಾವು ಮಾತಾಡಿರಲಿಲ್ಲ. ಅಳತೆಗೆ ಎಲ್ಲ ಓಣಿಯಲ್ಲೂ ಕಾರು ಹೋಗಲೇಬೇಕು. ನಮ್ಮ ಮನೆಯ ಮುಂದೆಯೂ ಹೋಯಿತು. ಕಟ್ಟೆಯ ಮೇಲೆ ಅತ್ತಿಗೆ ಕಾಳು ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿ ಕಾರು ನೋಡಿದಳು. ನಾನು ಲ್ಯಾಪ್‌ಟಾಪಿನ ಕಡೆ ಬಾಗಿದೆ. ಡ್ರೈವರಿಗೆ ಏನೂ ತಿಳಿಯದು, ನಿಯಮದ ಪ್ರಕಾರ ನಿಧಾನವಾಗಿಯೇ ದಾಟಿಸಿದರು.

ಇದನ್ನು ನಾನು ನರ್ಸಮ್ಮನಿಗೆ ಹೇಳಿದೆ. ಯಾರಿಗೂ ಹೇಳದ್ದನ್ನು ಆ ಬಂಡೆಯ ಮೇಲೆ, ಸುತ್ತ ಹತ್ತು ಜನ ಕೂಗಾಡುತ್ತಿರುವಾಗ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ.

"ಒಂದ್ ಸಲ ಹೋಗಿ ಬರ್ರಿ," ಎಂದರು. "ಬೈದ್ರ ಬೈಲಿ. ಬೈಯಾಕಾದ್ರೂ ಒಬ್ಬ ಅದಾನಲ್ಲ."

ಜಾಗ ಸಿಕ್ಕಿದ್ದು ಗುಡ್ಡದ ತೆಂಕಣ ಮಗ್ಗುಲಲ್ಲಿ, ಕೆಂಪು ಮಣ್ಣಿನ ಒಂದು ಏರು ಹೊಲದಲ್ಲಿ. ಅಲ್ಲಿಂದ ಒಂದು ಕಡೆ ರಸ್ತೆಯ ಊರು, ಇನ್ನೊಂದು ಕಡೆ ಗುಡ್ಡದ ಹಿಂದಿನ ಊರು ಕಾಣುತ್ತಿದ್ದವು. ಊರಿಗೆ ಹೋಗುವ ಕರೆಂಟಿನ ಕಂಬಗಳು ಆ ಹೊಲದ ಅಂಚಿನಲ್ಲೇ ಹಾಯುತ್ತಿದ್ದವು. ಹೊಸ ಕಂಬ ಬೇಡ, ಮಣ್ಣಿನ ದಾರಿಯೂ ಪಕ್ಕದಲ್ಲೇ. ಜಾಗವೇ ಎತ್ತರವಾದ್ದರಿಂದ ಟವರು ಗಿಡ್ಡದಾದರೂ ಸಾಕು, ಕಬ್ಬಿಣ ಉಳಿಯುತ್ತದೆ. ಹೊಲದ ಯಜಮಾನರು ಟವರು ಬಂದರೆ ಜೋಳದ ತೆನೆ ಜೊಳ್ಳಾಗುತ್ತದೆಯೇ ಎಂದು ಕೇಳಿದರು. ಹಾಗೇನೂ ಇಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ಎರಡು ದಿನ ಯೋಚಿಸಿ ಒಪ್ಪಿದರು.

ಉಳಿದದ್ದು ಒಂದೇ ಪರೀಕ್ಷೆ. ಹೊಸ ಟವರಿನ ಕರೆಗಳು ಮಸ್ಕಿಯ ಟವರಿನ ಮೂಲಕವೇ ಹೊರಗೆ ಹೋಗುವುದರಿಂದ ಅದಕ್ಕೆ ಮಸ್ಕಿಯ ಟವರು ನೇರ ಕಾಣಬೇಕು, ನಡುವೆ ಮರವಾಗಲಿ ಬಂಡೆಯಾಗಲಿ ಬರಬಾರದು. ಇದಕ್ಕೆ ನಮ್ಮಲ್ಲಿ ಹಳೆಯ ಉಪಾಯವಿದೆ. ಮಸ್ಕಿಯ ಟವರಿನ ಮೇಲೆ ಒಬ್ಬ ಕೆಲಸಗಾರ ಕನ್ನಡಿ ಹಿಡಿದು ಬಿಸಿಲನ್ನು ನನ್ನ ಕಡೆ ತಿರುಗಿಸುತ್ತಾನೆ, ಟವರು ಎಷ್ಟು ಎತ್ತರ ಬರಲಿದೆಯೋ ಅಷ್ಟು ಎತ್ತರದಲ್ಲಿ, ಹೊಲದ ಪಕ್ಕದ ಒಂದು ಬಂಡೆಯ ಮೇಲೆ ನಿಂತು ನಾನು ನೋಡಬೇಕು. ಬೆಳಗಿನ ಹತ್ತು ಗಂಟೆ ಎಂದು ಗೊತ್ತುಮಾಡಿಕೊಂಡಿದ್ದೆವು. ನಾನು ದುರ್ಬೀನು ಹಿಡಿದು ನಿಂತೆ. ಹತ್ತಾಯಿತು, ಹತ್ತೂಕಾಲಾಯಿತು. ಮೋಡ ಬಂದು ಹೋಯಿತು. ಆಮೇಲೆ ದೂರದ ಬೂದುಬಣ್ಣದಲ್ಲಿ ಒಂದು ಬಿಳಿ ಚುಕ್ಕೆ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ನಾನೂ ನನ್ನ ಕನ್ನಡಿ ತೆಗೆದು ಅವನಿಗೆ ತೋರಿಸಿದೆ. ಅವನಿಗೂ ಕಂಡಿತೆಂದು ಕಾಣುತ್ತದೆ, ಎರಡು ಸಲ ಬೇಗ ಬೇಗ ಮಿನುಗಿಸಿದ. ಅವನ ಮುಖ ನಾನು ನೋಡಿರಲಿಲ್ಲ. ಕೆಲಸ ಮುಗಿದಿತ್ತು, ಆದರೂ ನಾನು ಇನ್ನೊಮ್ಮೆ ಮಿನುಗಿಸಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ, ಅವನು ಇಳಿಯತೊಡಗಿರಬೇಕು.

ಈ ಜಾಗದಲ್ಲಿ ಒಂದು ನಷ್ಟ ಇತ್ತು, ಅದನ್ನೂ ವರದಿಯಲ್ಲಿ ಬರೆದೆ. ರಸ್ತೆಯ ಊರಿನ ಕೊನೆಯ ಸಾಲಿನ ಮನೆಗಳು ಹೊಸ ಜಾಗದಿಂದ ದೂರವಾಗುತ್ತಿದ್ದವು. ಅಲ್ಲಿ ಅಂಗಳದಲ್ಲಿ ಸಿಗ್ನಲ್ ಇರುತ್ತದೆ, ಮನೆಯೊಳಗೆ ಬರುವುದಿಲ್ಲ. ಕಡಿಮೆ ಖರ್ಚಿನ ಯೋಜನೆ ಎಂದರೆ ಯಾರೋ ಒಬ್ಬರು ಅಂಚಿಗೆ ಉಳಿಯುತ್ತಾರೆ. ಯಾರು ಉಳಿಯಬೇಕು ಎಂದು ಈ ಸಲ ನಾನೇ ಗೆರೆ ಎಳೆದಿದ್ದೆ. ಮೂರು ವಾರದ ಮೇಲೆ ಮಂಜೂರಿ ಬಂತು.

ಅಡಿಪಾಯ ತೋಡುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಬಾಗಿಲು ತೆಗೆದಿತ್ತು. ಅಣ್ಣ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಯಾವಾಗ ಬಂದಿ?" ಎಂದ.

ಈಗಷ್ಟೇ ಎಂದೆ. ಅತ್ತಿಗೆ ನೀರು ತಂದಳು, ಅವಲಕ್ಕಿ ಹಚ್ಚಿಕೊಟ್ಟಳು. ಹಳೆಯದನ್ನು ಯಾರೂ ಎತ್ತಲಿಲ್ಲ. ಅವನು ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಕೆಲಸ ಏನು ಎಂದು ಕೇಳಿದ. ಹೇಳಿದೆ.

"ಹಂಗಾರ ನಮ್ಮ ಒಳಮನ್ಯಾಗ ಯಾಕ ಬರಂಗಿಲ್ಲ ನೋಡು," ಎಂದ.

ನಾನು ಎದ್ದು ಫೋನು ಹಿಡಿದು ಒಳಮನೆಗೆ ಹೋದೆ. ಅವ್ವನ ಕಾಲದ ಕಪಾಟು ಅಲ್ಲೇ ಇತ್ತು. ಗೋಡೆ ದಪ್ಪ ಕಲ್ಲಿನದು, ಕಿಟಕಿಯ ಹತ್ತಿರ ನಿಂತು ಮಾತಾಡಿದರೆ ಬರುತ್ತದೆ ಎಂದು ಹೇಳಿದೆ. ಅವನು ಬಂದು ಕಿಟಕಿಯ ಹತ್ತಿರ ನಿಂತು ನೋಡಿ, ಹೌದು ಎಂದು ತಲೆಯಾಡಿಸಿದ. ನನ್ನ ನಂಬರ್ ಕೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಕೇಳಲಿಲ್ಲ. ಅತ್ತಿಗೆ ಬಾಗಿಲವರೆಗೆ ಬಂದು, ಬರುತ್ತಾ ಇರ್ರಿ ಎಂದಳು. ಮೂರೂವರೆಯ ಬಸ್ಸಿಗೆ ಹೊರಟೆ.

ಟವರು ಚಾಲೂ ಆದದ್ದು ಬಿಳಿಜೋಳ ಕಾಳು ಕಟ್ಟುವ ಹೊತ್ತಿನಲ್ಲಿ. ಅವತ್ತು ಬೆಳಗಿನಿಂದ ಅಳತೆ. ಮೊದಲು ರಸ್ತೆಯ ಊರಿನ ಕೊನೆಯ ಸಾಲಿಗೆ ಹೋದೆ. ಒಬ್ಬ ಹಿರಿಯರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಟವರು ತಮ್ಮ ಮನೆಯ ಹತ್ತಿರವೇ ಬರುತ್ತದೆ ಎಂದು ಹೋದ ವರ್ಷ ಯಾರೋ ಹೇಳಿದ್ದರಂತೆ. ಈಗ ಫೋನು ಒಳಗೆ ಬರುವುದಿಲ್ಲ, ಹೊರಗೆ ಬಂದು ಮಾತಾಡಬೇಕು ಎಂದರು. ಜಾಗ ಬದಲಿಸಿದವಳು ನಾನೇ ಎಂದು ಹೇಳಿದೆ. ಗುಡ್ಡದ ಹಿಂದಿನ ಊರಿನ ವಿಷಯವನ್ನೂ ಹೇಳಿದೆ. ಅವರು ಹಗ್ಗದಿಂದ ಕೈ ತೆಗೆಯದೆ ಕೇಳಿ, "ಆ ಊರಾಗ ನಮ್ಮ ಮಗಳ್ನ ಕೊಟ್ಟೀವಿ," ಎಂದರು. ಅದು ಒಪ್ಪಿಗೆಯೋ, ಸುಮ್ಮನೆ ಹೇಳಿದ ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ.

ಸಂಜೆ ಗುಡ್ಡ ಸುತ್ತಿ ಹೋದಾಗ ನಾಲ್ಕೂ ಫೋನು ಜೀವಂತವಾಗಿದ್ದವು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಬಂತ್ರಿ ಮೇಡಂ," ಎಂದರು. ಅಷ್ಟೂ ದಿನಗಳಲ್ಲಿ ಕೆಲಸದ ಬಗ್ಗೆ ಅವರು ತಾವಾಗಿ ಆಡಿದ ಎರಡನೆಯ ಮಾತು ಅದು.

ನರ್ಸಮ್ಮ ಮನೆಯಲ್ಲಿದ್ದರು. ಬಂಡೆ ಹತ್ತುವ ಹೊತ್ತಾಗಿತ್ತು, ಅವರು ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಒಲೆಯ ಹತ್ತಿರವೇ ಕೂರಿಸಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಆರಕ್ಕೆ ಕೈ ತೊಳೆದು ಫೋನು ತೆಗೆದುಕೊಂಡು ಮಂಚದ ಮೇಲೆ ಕೂತರು. ಕರೆ ಹತ್ತಿತು. ಎಂದಿನಂತೆ ಜೋರಾಗಿ ಮಗಳ ಹೆಸರು ಹಿಡಿದು ಕೂಗಿದವರು ನಡುವೆಯೇ ತಡೆದರು. ದನಿ ಇಳಿಸಿದರು. ಇಷ್ಟು ದಿನ ನಾನು ಕೇಳದ ದನಿ ಅದು, ಮಗುವನ್ನು ಮಲಗಿಸುವಾಗಿನ ದನಿ. ಮನೆಯೊಳಗಿಂದಲೇ ಮಾಡುತ್ತಿದ್ದೇನೆ, ಸುತ್ತ ಯಾರೂ ಇಲ್ಲ, ಏನಿದ್ದರೂ ಹೇಳು ಎಂದರು. ಆ ಕಡೆ ಹುಡುಗಿ ಅಳುತ್ತಿರುವುದು ಸಣ್ಣಗೆ ಕೇಳಿಸಿತು. ಅವ್ವ ಹತ್ತು ಜನರ ನಡುವೆ ನಿಂತಿರುತ್ತಾಳೆಂದು ಇಷ್ಟು ತಿಂಗಳು ಅವಳು ಹೇಳದೆ ಇಟ್ಟುಕೊಂಡದ್ದು ಏನೋ ಇತ್ತು.

ನಾನು ತಟ್ಟೆ ತೊಳೆದಿಟ್ಟು ಸದ್ದಾಗದಂತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಒಂದೊಂದು ಮನೆಯೊಳಗಿನಿಂದ ಒಂದೊಂದು ಮಾತಿನ ಸದ್ದು ಬರುತ್ತಿತ್ತು, ಯಾವುದೂ ಬಿಡಿಸಿ ಕೇಳುತ್ತಿರಲಿಲ್ಲ. ಗುಡ್ಡದ ಕಡೆ ಯಾರೂ ಹೋಗುತ್ತಿರಲಿಲ್ಲ. ನನಗೆ ಸಂತೋಷವೇ ಆಗಿತ್ತು, ಸುಳ್ಳು ಹೇಳಲಾರೆ. ಅದರ ಜೊತೆಗೇ, ನಾಳೆಯಿಂದ ಈ ಊರಿನಲ್ಲಿ ಅಳೆಯುವುದು ಏನೂ ಇಲ್ಲ, ಇಲ್ಲಿಗೆ ಬರಲು ನನಗೆ ನೆಪವಿಲ್ಲ ಎಂಬುದೂ ಹೊಳೆಯಿತು.

ನರ್ಸಮ್ಮ ಹೊರಗೆ ಬರುತ್ತಾರೆಂದು ಅರ್ಧ ಗಂಟೆ ಕಾದೆ. ಮಾತು ಮುಗಿದಿರಲಿಲ್ಲ. ಡ್ರೈವರಿಗೆ ಗದ್ದೆಗೆ ನೀರು ಬಿಡುವ ಪಾಳಿ ಇತ್ತು, ದೂರದಿಂದಲೇ ಗಡಿಯಾರ ತೋರಿಸಿದರು. ಬಾಗಿಲಲ್ಲಿ ನಿಂತು ಕೈ ಎತ್ತಿದೆ. ನರ್ಸಮ್ಮ ಫೋನು ಕಿವಿಯಲ್ಲಿ ಇಟ್ಟುಕೊಂಡೇ, ನಾಳೆ ನಿಮಗೆ ಫೋನು ಮಾಡುತ್ತೇನೆ ಎಂದು ಕೈಸನ್ನೆ ಮಾಡಿದರು. ನಾನು ಹೋಗಿ ಕಾರಿನಲ್ಲಿ ಕೂತೆ. ಮಸ್ಕಿ ದಾಟಿದ ಮೇಲೆ ಹಿಂದಿನ ಸೀಟಿನ ಫೋನುಗಳನ್ನು ಒಂದೊಂದಾಗಿ ಬಂದ್ ಮಾಡಿದೆ. ಗೊರೇಬಾಳದ ಹತ್ತಿರ ಬರುವಾಗ ಡ್ರೈವರ್, ಈ ವರ್ಷ ಭತ್ತ ಹೇಗೆ ಬಂದಿದೆ ಎಂದು ತಾವಾಗಿಯೇ ಹೇಳತೊಡಗಿದರು. ಸಿಂಧನೂರು ಬರುವವರೆಗೂ ನಾನು ಕೇಳುತ್ತ ಕೂತಿದ್ದೆ.